ಹನ್ನೆರಡು ದಿನದ ಸೂಪು

ನನ್ನ ತಮ್ಮ ಮಾಂಸದ ಅಂಗಡಿಯವನು. ಕಟುಕ ಅಂತಲೇ ಅನ್ನಿ, ನನಗೇನೂ ಬೇಸರವಿಲ್ಲ. ಆ ಪದವನ್ನು ಬೈಗುಳ ಮಾಡಿಕೊಂಡವರೇ ಭಾನುವಾರ ಬೆಳಿಗ್ಗೆ ಅವನ ಅಂಗಡಿಯ ಮುಂದೆ ಚೀಲ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ನನಗೆ ಮೈಯೆಲ್ಲ ಉರಿಯುವುದು ಇನ್ನೊಂದು ಮಾತಿಗೆ. ಮೂರು ವರ್ಷದಿಂದ ನಮ್ಮ ಬೀದಿಯಲ್ಲಿ ಅವನಿಗೆ ಅಂಟಿಕೊಂಡಿರುವ ಮಾತು ಅದು: 'ಹೆತ್ತ ಮಗಳ ಊಟಕ್ಕೇ ಕಲಬೆರಕೆ ಮಾಡಿದವನು.' ಕ್ಷೌರದಂಗಡಿಯಲ್ಲಿ ಆಡುತ್ತಾರೆ, ಲಾಂಡ್ರಿಯಲ್ಲಿ ಆಡುತ್ತಾರೆ, ಬಸ್ಸಿಗೆ ಕಾಯುತ್ತಾ ಆಡುತ್ತಾರೆ. ಮೊನ್ನೆ ಒಬ್ಬಳು, ಈ ಬೀದಿಗೆ ಬಂದು ಇನ್ನೂ ಎರಡು ತಿಂಗಳಾಗಿಲ್ಲ, ನಾನು ಅವನ ಅಕ್ಕ ಅಂತ ತಿಳಿಯದೆ ನನಗೇ ಹೇಳಿದಳು, ಅದೂ ನಗುತ್ತಾ. ನಡೆದದ್ದನ್ನು ನಡೆದ ಹಾಗೆ ಬೀದಿಯವರ ಮುಂದೆ ಹೇಳಲು ನನ್ನಿಂದ ಆಗುವುದಿಲ್ಲ. ಯಾಕೆ ಅನ್ನುವುದು ಮುಂದೆ ತಿಳಿಯುತ್ತದೆ. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಮೊದಲು ಅವನು ಎಂಥವನು ಅನ್ನುವುದನ್ನು ಕೇಳಿ.

ಅಪ್ಪ ಅಮ್ಮ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಹೋದಾಗ ನನಗೆ ಹತ್ತೊಂಬತ್ತು, ಅವನಿಗೆ ಹನ್ನೆರಡು. ನಾನೇ ಅವನನ್ನು ಸಾಕಿದೆ. ವಾರಕ್ಕೊಮ್ಮೆ ಎಲುಬು ತಂದು, ಅದನ್ನೇ ಮೂರು ದಿನ ಕುದಿಸಿ, ಮೂರನೇ ದಿನದ ನೀರಿಗೂ ಸೂಪು ಅಂತ ಹೆಸರಿಟ್ಟು ಬಡಿಸುತ್ತಿದ್ದೆ. ಅವನು ಒಂದು ದಿನವೂ ಬೇಡ ಅಂದವನಲ್ಲ. ದೊಡ್ಡವನಾಗಿ ಒಬ್ಬ ಮುದುಕ ಕಟುಕನ ಹತ್ತಿರ ಕೆಲಸ ಕಲಿತ. ಮುದುಕನ ಕಣ್ಣು ಮಂಜಾದ ಮೇಲೆ ಅಂಗಡಿ ಇವನ ಕೈಗೆ ಬಂತು. ಆಮೇಲೆ ನಾನೂ ಅಲ್ಲಿಗೇ ಸೇರಿಕೊಂಡೆ. ಮದುವೆ ನನಗೆ ಒಗ್ಗಲಿಲ್ಲ, ಆ ಕಥೆ ಬೇಡ. ಅಂಗಡಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆಯಲ್ಲಿ ನನ್ನ ಸಂಸಾರ. ಅಂಗಡಿಯ ಮೇಲ್ಗಡೆ ಮಹಡಿಯ ಎರಡು ಕೋಣೆಯಲ್ಲಿ ತಮ್ಮನ ಸಂಸಾರ. ಊಟ ಮಾತ್ರ ಎಲ್ಲರದ್ದೂ ಮೇಲೇ.

ಅಂಗಡಿ ಚಿಕ್ಕದು. ಬಿಳಿ ಟೈಲ್ಸಿನ ಗೋಡೆ, ಕೊಕ್ಕೆ ತೂಗುವ ಕಬ್ಬಿಣದ ಸರಳು, ನಡುವೆ ಕಡಿದು ಕಡಿದು ಬಟ್ಟಲಿನ ಹಾಗೆ ತಗ್ಗಾದ ಮರದ ಕೊರಡು. ಕಿಟಕಿಯ ಪಕ್ಕ ಕೈಮಾ ಅರೆಯುವ ಯಂತ್ರ. ಆ ಯಂತ್ರವೇ ನನ್ನ ಉದ್ಯೋಗ, ಇಪ್ಪತ್ತು ವರ್ಷ ಆಯಿತು. ಬೇರೆ ಅಂಗಡಿಗಳಲ್ಲಿ ಕೈಮಾ ಬೆಳಿಗ್ಗೆಯೇ ಅರೆದು ರಾಶಿ ಹಾಕಿರುತ್ತಾರೆ. ಆ ರಾಶಿಯೊಳಗೆ ಏನೇನಿದೆ ಅಂತ ಅರೆದವನಿಗೆ ಮತ್ತು ದೇವರಿಗೆ ಮಾತ್ರ ಗೊತ್ತು. ನನ್ನ ತಮ್ಮ ಒಂದು ಹಿಡಿ ಕೂಡ ಮೊದಲೇ ಅರೆದು ಇಟ್ಟವನಲ್ಲ. ತುಂಡನ್ನು ಗಿರಾಕಿಯೇ ಆರಿಸಬೇಕು. ಇವನು ಅದನ್ನು ಹಿಂದೆ ಮುಂದೆ ತಿರುಗಿಸಿ ತೋರಿಸಬೇಕು. ಆಮೇಲೆ ಅವರ ಕಣ್ಣೆದುರೇ ನಾನು ಅರೆಯಬೇಕು. ಒಬ್ಬರದ್ದು ಮುಗಿದ ಮೇಲೆ ಯಂತ್ರದ ಬಾಯಿ ಬಿಚ್ಚಿ, ತೊಳೆದು, ಒರೆಸಿ, ಮತ್ತೆ ಜೋಡಿಸಿ ಇನ್ನೊಬ್ಬರದ್ದು. ಸಾಲು ಬೀದಿಯ ತಿರುವಿನ ತನಕ ಹೋಗುತ್ತದೆ. ಜನ ಗೊಣಗುತ್ತಾರೆ. ನನ್ನ ರಟ್ಟೆ ಬಿದ್ದುಹೋಗುತ್ತದೆ. ಅವನಿಗೆ ಅದ್ಯಾವುದೂ ಕೇಳಿಸುವುದಿಲ್ಲ.

ಒಮ್ಮೆ ಒಬ್ಬ ಹೋಟೆಲಿನವನು ಬಂದಿದ್ದ. ದಿನಾ ಇಪ್ಪತ್ತು ಕಿಲೋ ಕೈಮಾ ಬೇಕು, ಜೊತೆಗೆ ಉಳಿದ ಪಳಿದ ಚೂರು ಪಾರೂ ಸೇರಿಸಿ ಅರೆದುಬಿಡು, ಮಸಾಲೆ ಬಿದ್ದ ಮೇಲೆ ಯಾರಿಗೂ ತಿಳಿಯುವುದಿಲ್ಲ ಅಂದ. ನನ್ನ ತಮ್ಮ ಮಾತು ಬಲ್ಲವನಲ್ಲ. ಮನೆಯ ಪಾಲಿನ ಮಾತನ್ನೆಲ್ಲ ನಾನೇ ಹುಟ್ಟುವಾಗ ತಂದುಬಿಟ್ಟೆ ಅಂತ ಕಾಣುತ್ತದೆ. ಅವನು ಚಾಕು ಕೆಳಗಿಟ್ಟು, ಕೈ ತೊಳೆದು, ಹೋಟೆಲಿನವನ ಭುಜ ಹಿಡಿದು ಬಾಗಿಲಿನ ಆಚೆ ನಿಲ್ಲಿಸಿ ಬಂದ. ಬೈಯಲಿಲ್ಲ, ಹೊಡೆಯಲಿಲ್ಲ. ಬಂದು ಚಾಕು ತೆಗೆದುಕೊಂಡ, ಅಷ್ಟೇ. ಇಂಥವನಿಗೆ ಕಲಬೆರಕೆಯ ಹೆಸರು. ಹೊಟ್ಟೆ ಉರಿಯದೆ ಇರುತ್ತದೆಯೇ?

ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಅವನಿಗೆ ಮಗಳು ಹುಟ್ಟಿದಳು, ಅದೂ ಎರಡು ತಿಂಗಳು ಮುಂಚೆ. ನನ್ನ ಅಂಗೈ ಮೇಲೆ ಹಿಡಿಯಬಹುದಿತ್ತು. ಅದಕ್ಕೇ ಚಿಟಿಕೆ ಅಂತ ಕರೆದೆವು, ಶಾಲೆಯ ಪುಸ್ತಕದ ಹೆಸರು ಶಾಲೆಗಷ್ಟೇ. ಚಿಟಿಕೆಯ ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು. ಒಳ್ಳೆಯ ಹೆಂಗಸೇ, ಆದರೆ ಇಸ್ತ್ರಿ ಪೆಟ್ಟಿಗೆಯ ಹಾಗೆ ಬೇಗ ಕಾಯುತ್ತಾಳೆ. ಮಗು ಬದುಕುತ್ತದೋ ಇಲ್ಲವೋ ಅನ್ನುವ ಆ ಮೊದಲ ವರ್ಷದ ಹೆದರಿಕೆ ನಮ್ಮ ಮೂವರ ಎದೆಯಿಂದಲೂ ಪೂರ್ತಿ ಇಳಿಯಲೇ ಇಲ್ಲ. ಅವಳು ಒಂದು ತುತ್ತು ಬಿಟ್ಟರೆ ಮೂರು ಜೊತೆ ಕಣ್ಣು ಆ ತುತ್ತಿನ ಮೇಲೆ.

ಚಿಟಿಕೆ ಬೆಳೆದದ್ದು ಅಂಗಡಿಯಲ್ಲೇ. ಶಾಲೆ ಬಿಟ್ಟ ಮೇಲೆ ಕಿಟಕಿಯ ಕೆಳಗೆ ಮಗುಚಿದ ಪೆಟ್ಟಿಗೆಯ ಮೇಲೆ ಕೂತು ಬರೆಯುತ್ತಿದ್ದಳು. ನಾಲ್ಕು ವರ್ಷಕ್ಕೇ ಕಣ್ಣು ಮುಚ್ಚಿಕೊಂಡು ಒಂದು ಚೂರು ಬಾಯಿಗೆ ಹಾಕಿದರೆ ಇದು ತೊಡೆ, ಇದು ಭುಜ, ಇದು ಪಕ್ಕೆ ಅಂತ ಹೇಳುತ್ತಿದ್ದಳು. ಕಲಿಸಿದವನು ಅವಳಪ್ಪ. ಗಿರಾಕಿಗಳು ಚಪ್ಪಾಳೆ ತಟ್ಟುತ್ತಿದ್ದರು. ಬೆಳೆಯುವ ಪೈರು ಮೊಳಕೆಯಲ್ಲೇ ಅಂತ ನಾನೂ ಬೀಗುತ್ತಿದ್ದೆ.

ಅವಳಿಗೆ ಆರೂವರೆ ವರ್ಷವಾಗಿದ್ದಾಗ ಒಂದು ಮಧ್ಯಾಹ್ನ, ಕೊಕ್ಕೆಯಲ್ಲಿ ಎಳೆಯ ಕುರಿಯೊಂದು ಇಡಿಯಾಗಿ ತೂಗುತ್ತಿತ್ತು. ಅಂಥದ್ದು ಅವಳು ನೂರು ನೋಡಿದ್ದಾಳೆ. ಅವತ್ತು ಪೆನ್ಸಿಲ್ ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಅಪ್ಪ, ಇದರ ಹೆಸರೇನಿತ್ತು?"

"ಇದಕ್ಕೆ ಹೆಸರಿರ್ಲಿಲ್ಲಮ್ಮ."

"ಯಾಕೆ ಇಡ್ಲಿಲ್ಲ?"

ಅವನು ಯೋಚಿಸಿದ. ಗಿರಾಕಿಯ ಪ್ರಶ್ನೆಗೂ ಮಗಳ ಪ್ರಶ್ನೆಗೂ ಅವನು ಒಂದೇ ಥರ ಯೋಚಿಸುತ್ತಾನೆ. "ಕೊಲ್ಲೋದು ಅಂತ ಮೊದಲೇ ಗೊತ್ತಿತ್ತಲ್ಲ, ಅದಕ್ಕೆ," ಅಂದ.

ಅವತ್ತು ಸಂಜೆ ಊಟಕ್ಕೆ ಕೂತಾಗ ತಟ್ಟೆಯಲ್ಲಿದ್ದ ತುಂಡುಗಳನ್ನು ಒಂದೊಂದಾಗಿ ಅಂಚಿಗೆ ಸರಿಸಿ, "ನನಗೆ ಬೇಡ. ಇನ್ಮೇಲೆ ಬೇಡ," ಅಂದಳು. ಅಳಲಿಲ್ಲ, ರಂಪ ಮಾಡಲಿಲ್ಲ. "ನೀವೆಲ್ಲ ತಿನ್ನಿ. ನನಗೆ ಬೇಡ ಅಷ್ಟೇ." ಮರುದಿನವೂ ಅಂಗಡಿಗೆ ಬಂದು ಅದೇ ಪೆಟ್ಟಿಗೆಯ ಮೇಲೆ ಕೂತು ಬರೆದಳು. ಯಾರಿಗೂ ಉಪದೇಶ ಮಾಡಲಿಲ್ಲ. ಇಷ್ಟು ಸೊಗಸಾದ ನಿರ್ಧಾರವನ್ನು ನಮ್ಮ ಬೀದಿಯ ದೊಡ್ಡವರು ಯಾರಾದರೂ ಇಷ್ಟು ಸದ್ದಿಲ್ಲದೆ ಮಾಡಿದ್ದು ನಾನು ಕಂಡಿಲ್ಲ.

ಆದರೆ ನಾವು ಬಿಡುತ್ತೇವೆಯೇ? ಆರು ವರ್ಷದ ಮಗುವಿಗೆ ತನ್ನದೇ ತಲೆ ಇದೆ ಅನ್ನುವುದನ್ನು ಒಪ್ಪುವ ಬದಲು, ಆ ತಲೆಗೆ ಯಾರು ತುಂಬಿದರು ಅಂತ ಹುಡುಕಲು ಹೊರಟೆವು. ಚಿಟಿಕೆಯ ಅಮ್ಮ ಶಾಲೆಗೆ ಹೋಗಿ ಟೀಚರ ಮೇಲೆ ಹಾರಾಡಿ ಬಂದಳು. ಪಾಪ ಆ ಟೀಚರು, ಮಧ್ಯಾಹ್ನ ಎರಡು ಮೊಟ್ಟೆ ಮತ್ತು ಕೋಳಿ ತೊಡೆ ಇಲ್ಲದೆ ಊಟ ಮುಗಿಸದವಳು. ಆಮೇಲೆ ಎದುರಿನ ತರಕಾರಿ ಅಂಗಡಿಯವನ ಮೇಲೆ ಅನುಮಾನ. ಅವನು ಮಗುವಿಗೆ ಆಗಾಗ ಒಂದು ಕ್ಯಾರೆಟ್ ಕೊಡುತ್ತಿದ್ದನಂತೆ, ಗಿರಾಕಿ ಹಿಡಿಯುವ ಹೂಟ ಅಂತೆ. ಗಿರಾಕಿಗಳಿಗಂತೂ ತಮಾಷೆಯೇ ತಮಾಷೆ. "ಕಟುಕನ ಮನೇಲಿ ಮೊಲ ಹುಟ್ಟಿದೆ," ಅಂದ ಒಬ್ಬ. "ಏನ್ ಮರಿ, ಹುಲ್ಲು ಬೇಕಾ?" ಅಂದ ಇನ್ನೊಬ್ಬ, ಮೀಸೆ ಬಂದ ಗಂಡಸು, ಆರು ವರ್ಷದ ಕೂಸಿಗೆ. ಅವನ ಕೈಮಾವನ್ನು ಅರ್ಧಕ್ಕೇ ನಿಲ್ಲಿಸಿ ನಾನು ಯಂತ್ರ ತೊಳೆಯಲು ಹೋದೆ. ಕಾಯಲಿ ಮಗ ಅಂತ.

ವೈದ್ಯರ ಹತ್ತಿರ ಹೋದೆವು. ಕಾಳು, ತರಕಾರಿ, ಹಾಲು, ಮೊಟ್ಟೆ ತಿಂದರೆ ಏನೇನೂ ತೊಂದರೆ ಇಲ್ಲ ಅಂದರು. ಅಲ್ಲಿಗೇ ನಿಲ್ಲಿಸಬೇಕಿತ್ತು. "ಆದ್ರೂ ಬೆಳೆಯೋ ಮಗು, ಸ್ವಲ್ಪ ನೋಡ್ಕೊಳ್ಳಿ," ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ನಾವು ಮನೆಗೆ ತಂದದ್ದು ಆ 'ಆದ್ರೂ' ಒಂದನ್ನೇ. ತಿಂಗಳ ಕೊನೆಗೆ ಅವಳನ್ನು ತೂಗಿದರೆ ಆರುನೂರು ಗ್ರಾಂ ಕಡಿಮೆ. ಹಲ್ಲು ಬೀಳುವ ವಯಸ್ಸು, ಮಧ್ಯದಲ್ಲಿ ನಾಲ್ಕು ದಿನ ಜ್ವರ ಬೇರೆ ಬಂದಿತ್ತು. ಅದನ್ನೆಲ್ಲ ಯಾರು ಯೋಚಿಸುತ್ತಾರೆ? ಚಿಟಿಕೆಯ ಅಮ್ಮ ಸೆರಗಿಗೆ ಮುಖ ಒತ್ತಿ ಅತ್ತಳು. ನನಗೆ ಆ ಅಂಗೈ ಅಗಲದ ಮಗು ಕಣ್ಣ ಮುಂದೆ ಬಂತು. ನಮಗೆ ಹಲ್ಲಿದ್ದಾಗ ಕಡಲೆ ಇರಲಿಲ್ಲ, ಇವಳಿಗೆ ಹಲ್ಲೂ ಇದೆ ಕಡಲೆಯೂ ಇದೆ, ಬೇಡ ಅನ್ನುತ್ತಾಳಲ್ಲ ಅಂತ ಸಿಟ್ಟೂ ಬಂತು.

ಕೊನೆಗೆ ಅವಳಿಗೆ ತಿಳಿಯದ ಹಾಗೆ ಸೂಪಿನಲ್ಲಿ ಮಾಂಸ ಅರೆದು ಹಾಕುವುದು ಅಂತ ಮನೆಯಲ್ಲಿ ತೀರ್ಮಾನವಾಯಿತು. ಆ ತೀರ್ಮಾನ ಹೇಗಾಯಿತು, ಮೊದಲು ಬಾಯಿ ಬಿಟ್ಟವರು ಯಾರು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಅರೆದವಳು ನಾನು. ಅದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ತೊಡೆಯ ಒಳಭಾಗ, ನೆಣ ಒಂದು ಎಳೆಯೂ ಇಲ್ಲದ್ದು, ಯಂತ್ರದ ಬಾಯಿಗೆ ಅತಿ ಸಣ್ಣ ಕಣ್ಣಿನ ತಟ್ಟೆ ಹಾಕಿ ಮೂರು ಸಲ ಅರೆದೆ. ಅದನ್ನು ಕೆಂಪು ಬೀನ್ಸ್ ಕಾಳಿನ ಜೊತೆ ಎರಡು ಗಂಟೆ ಬೇಯಿಸಿ, ಟೊಮೆಟೊ ಹಾಕಿ ಕಡೆದರೆ, ಅಷ್ಟು ವರ್ಷ ಅರೆದಿದ್ದ ನನಗೇ ಗುರುತು ಸಿಗುತ್ತಿರಲಿಲ್ಲ. ಮೊದಲ ದಿನ ಚಿಟಿಕೆ ಚಮಚ ಎತ್ತಿ ನೋಡಿದಳು.

"ಅತ್ತೆ, ಇದರ ಬಣ್ಣ ಯಾಕೆ ಹೀಗಿದೆ?"

"ಕಾಳು ಬೇರೆ ಥರದ್ದು ಪುಟ್ಟಿ. ದೂರದಿಂದ ತರಿಸಿದ್ದು."

ಸರಿ ಅಂತ ತಿಂದಳು. ಚೆನ್ನಾಗಿದೆ ಅಂತ ಇನ್ನೊಂದು ಸೌಟು ಹಾಕಿಸಿಕೊಂಡಳು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಉಂಡೆವು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಲ್ಲ, ಹಾಗೆ. ಹೀಗೇ ಹನ್ನೊಂದು ದಿನ ನಡೆಯಿತು.

ಹನ್ನೆರಡನೇ ದಿನ ಶನಿವಾರ. ವ್ಯಾಪಾರ ಜೋರಾಗಿ ತೊಡೆಯೆಲ್ಲ ಖಾಲಿ. ಬೇರೆ ಯಾರಾದರೂ ಆಗಿದ್ದರೆ ಒಂದು ದಿನ ಬಿಟ್ಟುಬಿಡುತ್ತಿದ್ದರು. ನಾವು ಕಟುಕರು, ಒಳ್ಳೆಯ ತುಂಡು ಕೈಯಲ್ಲಿದ್ದರೆ ಸುಮ್ಮನಿರಲಾರೆವು. ಕತ್ತಿನ ಭಾಗ ಉಳಿದಿತ್ತು. ನಿಧಾನ ಬೆಂದರೆ ಕತ್ತಿಗಿಂತ ರುಚಿ ಇನ್ನೊಂದಿಲ್ಲ, ಮಗುವಿಗೆ ಇನ್ನೂ ಹಿತವಾಗಲಿ ಅಂತ ಅದನ್ನೇ ಅರೆದೆ. ಕತ್ತಿನ ಮಾಂಸದಲ್ಲಿ ಕೂದಲೆಳೆಯಂಥ ಒಂದು ಅಂಟಿನ ನಾರಿರುತ್ತದೆ. ಎಷ್ಟು ಸಲ ಅರೆದರೂ ಅದು ನಾಲಿಗೆಗೆ ಸಿಕ್ಕೇ ಸಿಗುತ್ತದೆ, ಬಲ್ಲ ನಾಲಿಗೆಯಾದರೆ. ಆ ನಾಲಿಗೆಯನ್ನು ತಯಾರು ಮಾಡಿದವರೂ ನಾವೇ, ಅದಕ್ಕೆ ಮೋಸ ಮಾಡಹೊರಟವರೂ ನಾವೇ.

ಎರಡನೇ ಚಮಚಕ್ಕೆ ಅವಳು ಅಗಿಯುವುದನ್ನು ನಿಲ್ಲಿಸಿದಳು. ಬಾಯಲ್ಲಿದ್ದದ್ದನ್ನು ಅಂಗೈಗೆ ತೆಗೆದು, ಬೆರಳಿನಿಂದ ಬಿಡಿಸಿ ನೋಡಿದಳು. ಅಪ್ಪನ ಮುಖ ನೋಡಿದಳು.

"ಇದು ಕತ್ತು," ಅಂದಳು.

ನನ್ನ ತಮ್ಮನ ಕಿವಿ ಕೆಂಪಾಗಿದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. ಚಿಟಿಕೆಯ ಅಮ್ಮ, "ಎಲ್ಲೋ ಒಂದು ಚೂರು ಅಪ್ಪನ ಕೈಯಿಂದ ಬಿದ್ದಿರ್ಬೇಕು ಚಿನ್ನ," ಅಂದಳು. ಮಗು ಎದ್ದು ಕೈ ತೊಳೆದುಕೊಂಡು ಹೋಗಿ ಮಲಗಿತು.

ಮರುದಿನದಿಂದ ಅವಳು ಮನೆಯಲ್ಲಿ ಬೇಯಿಸಿದ್ದನ್ನು ಮುಟ್ಟಲಿಲ್ಲ. ಬರೀ ಸಿಪ್ಪೆ ಇರುವುದನ್ನು ತಿಂದಳು. ಬಾಳೆಹಣ್ಣು, ಕಿತ್ತಳೆ, ಸಿಪ್ಪೆಯೊಳಗಿನ ಕಡಲೆಕಾಯಿ. ಬಾಳೆಹಣ್ಣನ್ನು ಸುಲಿಯುವ ಮೊದಲು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು, ಎಲ್ಲಾದರೂ ತೂತು ಮಾಡಿದ್ದಾರೋ ಅಂತ. ಹಾಲಿನ ಬಾಟಲಿಯ ಮುಚ್ಚಳವನ್ನು ತಾನೇ ಒಡೆಯಬೇಕು. ನಾನು ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟರೆ, "ಬೇಡ ಅತ್ತೆ, ಥ್ಯಾಂಕ್ಸ್," ಅನ್ನುತ್ತಿದ್ದಳು, ಯಾರೋ ಹೊರಗಿನವರಿಗೆ ಹೇಳಿದ ಹಾಗೆ. ನಾಲ್ಕನೇ ದಿನ ಶಾಲೆಯಲ್ಲಿ ತಲೆ ಸುತ್ತಿ ಕೂತುಬಿಟ್ಟಳಂತೆ. ಟೀಚರು ಲಾಂಡ್ರಿಗೆ ಫೋನ್ ಮಾಡಿದಳು. ಮಾಂಸ ತಿನ್ನದಿದ್ದರೆ ಬಡವಾಗುತ್ತಾಳೆ ಅಂತ ಹೆದರಿದ ನಾವು, ಅನ್ನವನ್ನೂ ತಿನ್ನದ ಹಾಗೆ ಮಾಡಿ ಕೂತಿದ್ದೆವು.

ನನಗೆ ಎಲ್ಲರ ಮೇಲೂ ಕೆಂಡದಂಥ ಸಿಟ್ಟು. ಚಿಟಿಕೆಯ ಅಮ್ಮನಿಗೆ, "ಚೂರು ಬಿದ್ದಿರ್ಬೇಕು ಅಂತೀಯಲ್ಲ, ಮಗು ದಡ್ಡಿ ಅಂದ್ಕೊಂಡ್ಯಾ?" ಅಂತ ಬೈದೆ. ತಮ್ಮನಿಗೆ ಅಂಗಡಿಯಲ್ಲೇ, ಗಿರಾಕಿಗಳ ಎದುರೇ, "ಹೋಟೆಲಿನವನನ್ನ ಹೊರಗೆ ಹಾಕಿದ ಧೀರ, ಅಪ್ಪ ಆದವನು ನೀನು, ಗಟ್ಟಿಯಾಗಿ ಬೇಡ ಅನ್ಬೇಕಿತ್ತು," ಅಂತ ಕೂಗಾಡಿದೆ. ಅವನು ಎಲುಬಿನಿಂದ ಮಾಂಸ ಬಿಡಿಸುತ್ತಿದ್ದ, ಬಿಡಿಸುತ್ತಲೇ ಇದ್ದ. ನಾಲ್ಕು ಗಂಟೆಗೆ, ಹೊರಗೆ ಐದಾರು ಜನ ನಿಂತಿರುವಾಗಲೇ, ಬಾಗಿಲು ಎಳೆದು ಬೀಗ ಹಾಕಿ ಮೇಲೆ ಹೋದ. ನಾನೂ ಹಿಂದೆ ಹೋದೆ.

ಚಿಟಿಕೆ ಕಿಟಕಿಯ ಹತ್ತಿರ ನೆಲದ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಅವಳಮ್ಮ ಮಂಚದ ಅಂಚಿನಲ್ಲಿ ಕೂತಿದ್ದಳು. ನಾನು ಸಿಂಕಿನ ಹತ್ತಿರ ನಿಂತು, ಕೈ ಸುಮ್ಮನಿರಲಾರದೆ, ತೊಳೆದ ತಟ್ಟೆಯನ್ನೇ ಒರೆಸತೊಡಗಿದೆ. ನನ್ನ ತಮ್ಮ ಏಪ್ರನ್ ಬಿಚ್ಚಿ, ಮೊಳಕೈ ತನಕ ಕೈ ತೊಳೆದುಕೊಂಡು, ಮಗಳ ಎದುರು ನೆಲದ ಮೇಲೆ ಕೂತ.

"ನಿನ್ನ ಸೂಪಲ್ಲಿ ಮಾಂಸ ಹಾಕಿದ್ವಿ," ಅಂದ. "ನೀನು ಬೇಡ ಅಂದಿದ್ದೆ. ಆದ್ರೂ ಹಾಕಿದ್ವಿ. ತಪ್ಪು ಮಾಡಿದ್ವಿ."

ಚಿಟಿಕೆ ಕಿತ್ತಳೆ ಕೆಳಗಿಟ್ಟಳು. "ಎಷ್ಟು ದಿನ?"

ಅವಳಮ್ಮ ಮಗಳ ಬೆನ್ನ ಹಿಂದಿನಿಂದ ಒಂದು ಬೆರಳು ಎತ್ತಿ ತೋರಿಸಿದಳು: ಒಂದು ಅನ್ನು, ಒಂದೇ ದಿನ ಅನ್ನು. ನಾನೂ ಕಣ್ಣಿನಲ್ಲೇ ಅದನ್ನೇ ಹೇಳಿದೆ. ಎಲ್ಲ ಅಲ್ಲಿಗೇ ಮುಗಿದುಹೋಗುತ್ತಿತ್ತು.

"ಹನ್ನೆರಡು," ಅಂದ ನನ್ನ ತಮ್ಮ.

ಅವಳು ಬೆರಳು ಮಡಿಸಿ ಎಣಿಸಿದಳು. ಹತ್ತು ಬೆರಳೂ ಮುಗಿದವು. ಅಪ್ಪನ ಕೈ ಎಳೆದುಕೊಂಡು ಅವನ ಎರಡು ಬೆರಳು ಮಡಿಸಿದಳು. ಆಮೇಲೆ ಅತ್ತಳು, ಆ ಇಡೀ ಪ್ರಕರಣದಲ್ಲಿ ಮೊದಲ ಸಲ. "ಹಾಗಾದ್ರೆ ನಾನು ಹನ್ನೆರಡು ದಿನ ತಿಂದಿದೀನಿ! ನಾನು ತಿನ್ನಲ್ಲ ಅಂತ ಕುರೀಗೆ ಹೇಳಿದ್ದೆ!" ಅಂತ ಬಿಕ್ಕಿ ಬಿಕ್ಕಿ ಅತ್ತಳು. ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಕೊಕ್ಕೆಯ ಹತ್ತಿರ ನಿಂತು ಅವಳು ಮಾತು ಕೊಟ್ಟಿದ್ದಳು, ನಾವು ಅದನ್ನು ಅವಳ ಬಾಯಿಂದಲೇ ಮುರಿಸಿದ್ದೆವು. ಊರೆಲ್ಲ ಮಾಡಿದ ಗೇಲಿಗಿಂತ ಹೇಯವಾದ ಕೆಲಸ ಅದು.

ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಕೇಳಿದಳು: "ಹಾಕು ಅಂತ ಯಾರು ಹೇಳಿದ್ದು?"

ಇಲ್ಲಿಗೆ ಬಂದೆ. ಇನ್ನು ಸುತ್ತಿ ಬಳಸಿ ಪ್ರಯೋಜನವಿಲ್ಲ.

ಹೇಳಿದ್ದು ನಾನು. ತೂಕ ನೋಡಿದ ದಿನ, ಇದೇ ಕೋಣೆಯಲ್ಲಿ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂತ ಆ ಉಪಾಯ ತೆಗೆದವಳು ನಾನು. "ಹೇಳ್ದೆ ಹಾಕೋಣ. ಮೂರು ಸಲ ಅರೆದು ಕೊಡ್ತೀನಿ, ಅವಳಿಗಿರ್ಲಿ, ನಿನಗೂ ಗೊತ್ತಾಗಲ್ಲ," ಅಂದಿದ್ದೆ. ತಮ್ಮ ತಲೆ ಅಲ್ಲಾಡಿಸಿದ. "ಬೇಡ ಅಕ್ಕ. ಬೇಡ ಅಂದಿದಾಳಲ್ಲ." ನಾನು ಬಿಡಲಿಲ್ಲ. ಅವನು ಎರಡನೇ ಸಲ, "ಕೇಳೋಣ. ಕೇಳಿ, ಹೂಂ ಅಂದ್ರೆ ಹಾಕೋಣ," ಅಂದ. ಆಗ ನಾನು ಏನಂದೆ ಗೊತ್ತೇ? "ಮಗು ಕೈ ತಪ್ಪಿ ಹೋದ್ಮೇಲೆ ನಿನ್ನ ನೀತಿ ತಬ್ಕೊಂಡು ಮಲಗು," ಅಂದೆ. ಹಡೆದವಳು ಅಲ್ಲೇ ಗೊಳೋ ಅಂತ ಅತ್ತಳು. ಅವನು ಏನೂ ಹೇಳದೆ ಏಪ್ರನ್ ಹೆಗಲಿಗೆ ಹಾಕಿಕೊಂಡು ಕೆಳಗೆ ಹೋದ. ಅದನ್ನೇ ನಾನು ತೀರ್ಮಾನ ಅಂದದ್ದು. ಅಂಥವನಿಗೇ ನಾನು, ಬೀದಿಗೆ ಕೇಳುವ ಹಾಗೆ, ಗಟ್ಟಿಯಾಗಿ ಬೇಡ ಅನ್ನಬೇಕಿತ್ತು ಅಂತ ಬುದ್ಧಿ ಹೇಳಿದ್ದು.

ಹಾಕು ಅಂತ ಯಾರು ಹೇಳಿದ್ದು ಅಂತ ಮಗು ಕೇಳಿತು. ಕೇಳಿ ನನ್ನ ಕಡೆ ತಿರುಗಿತು, ಕಾಳು ಬೇರೆ ಥರದ್ದು ಅಂದವಳು ನಾನೇ ತಾನೇ. ಸಂತೆಯಲ್ಲಿ ನಾಲ್ಕು ಜನರ ಬಾಯಿ ಮುಚ್ಚಿಸುವ ನಾನು, ಕೈಯಲ್ಲಿದ್ದ ತಟ್ಟೆ ನೋಡುತ್ತಾ, "ನಿಮ್ಮಪ್ಪ ಹೇಳಿದ್ದಕ್ಕೆ ನಾನು... ನಾನೇನು ಮಾಡ್ಲಿ ಪುಟ್ಟಿ," ಅಂದೆ.

ತಮ್ಮ ನನ್ನನ್ನು ಒಂದು ಸಲ ನೋಡಿದ. ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಹೂಂ," ಅಂದ ಮಗಳಿಗೆ. "ನಾನೇ ಹೇಳಿದ್ದು."

ಅವತ್ತು ಅವಳು ಉಂಡಳು. ಅಪ್ಪನೇ ಅವಳ ಎದುರು ಆಲೂಗಡ್ಡೆ ಸುಲಿದು, ಹೊಸ ಪಾತ್ರೆಯಲ್ಲಿ ಬೇಯಿಸಿ, ಮೊದಲು ತಾನು ತಿಂದು ತೋರಿಸಿದ ಮೇಲೆ. ಅಂದಿನಿಂದ ಅವಳ ಸಂಜೆಯ ಊಟ ಅವನದೇ. ಎಲುಬು ಕಡಿಯುವ ಕೈ, ಬೀನ್ಸನ್ನೂ ಕಡಿಯುವುದೇ. ಮೊದಮೊದಲು ಕ್ಯಾರೆಟ್ಟು ಒಲೆಯ ಹಿಂದೆಲ್ಲ ಹಾರಿ ಬೀಳುತ್ತಿತ್ತು. ಈಗ ಕೈ ಕುದುರಿದೆ. ಚಿಟಿಕೆ ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತು ಅವನ ಕೈಯನ್ನೇ ನೋಡುತ್ತಿರುತ್ತಾಳೆ. ಅವನು ಉಪ್ಪಿನ ಡಬ್ಬಿಗೆ ಕೈ ಹಾಕಿದರೂ ಬಗ್ಗಿ ನೋಡುತ್ತಾಳೆ. ಅವಳಿಗೆ ಈಗ ಒಂಬತ್ತೂವರೆ. ಗುಂಡುಗುಂಡಗೆ ಆಗಿದ್ದಾಳೆ, ಓಟದಲ್ಲಿ ಮುಂದು, ಅಪ್ಪನ ಜೊತೆ ಮಾತೂ ಉಂಟು ನಗುವೂ ಉಂಟು. ಆದರೆ ಅವನು ಬಡಿಸಿದ ತುತ್ತನ್ನು ಬೆರಳಿನಿಂದ ಬಿಡಿಸಿ ನೋಡದೆ ಬಾಯಿಗೆ ಹಾಕುವುದಿಲ್ಲ. ಮೂರು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ. ಅವನು ಎದುರಿಗೆ ಕೂತು, ಅವಳು ನೋಡಿ ಮುಗಿಸುವ ತನಕ ತನ್ನ ತುತ್ತು ಎತ್ತುವುದಿಲ್ಲ.

ಸುದ್ದಿ ಬೀದಿಗೆ ಬಿದ್ದದ್ದು ಲಾಂಡ್ರಿಯಿಂದ. ಚಿಟಿಕೆಯ ಅಮ್ಮ ಯಾರ ಹತ್ತಿರವೋ ಹೊಟ್ಟೆಯಲ್ಲಿದ್ದದ್ದನ್ನು ಹೇಳಿಕೊಂಡಳಂತೆ, ತನ್ನ ಪಾಲನ್ನೂ ನನ್ನ ಪಾಲನ್ನೂ ಬಿಟ್ಟು. "ನಮಗೂ ಏನೂ ಸೇರಿಸಿಲ್ಲ ತಾನೇ ಯಜಮಾನ್ರೇ?" ಅಂತ ಗಿರಾಕಿಗಳು ಈಗಲೂ ಕೇಳುತ್ತಾರೆ. ಅವನು ತುಂಡನ್ನು ಹಿಂದೆ ಮುಂದೆ ತಿರುಗಿಸಿ ತೋರಿಸಿ, ನನ್ನ ಕೈಗೆ ಕೊಡುತ್ತಾನೆ.

ನನ್ನ ಕಥೆ ಕೇಳಿ. ರಜೆಯ ದಿನ ಮಧ್ಯಾಹ್ನ ಚಿಟಿಕೆ ನನ್ನ ಕೋಣೆಗೆ ಬರುತ್ತಾಳೆ. ನಾನು ಅವಳಿಗೆ ಬೇಯಿಸುತ್ತೇನೆ, ಅವಳಿಗೆಂದೇ ಇಟ್ಟ ಪಾತ್ರೆಯಲ್ಲಿ. ಅವಳು ಅಡುಗೆಯ ಕಡೆ ತಿರುಗಿಯೂ ನೋಡುವುದಿಲ್ಲ. ಪುಸ್ತಕ ಮುಂದಿಟ್ಟುಕೊಂಡು, ಕಣ್ಣು ಅಕ್ಷರದ ಮೇಲೆ, ಕೈ ತಟ್ಟೆಯಲ್ಲಿ. ತುತ್ತು ನೇರ ಬಾಯಿಗೆ. ಒಮ್ಮೆ ನಾನೇ ತಡೆಯಲಾರದೆ, "ನೋಡ್ಕೊಂಡು ತಿನ್ನು," ಅಂದೆ. "ನಿಮ್ಮದ್ಯಾಕೆ ನೋಡ್ಲಿ ಅತ್ತೆ? ಪಾಪ, ನೀವು ಅಪ್ಪ ಹೇಳಿದ್ದಕ್ಕೆ ತಾನೇ ಮಾಡಿದ್ದು," ಅಂದಳು.

ಮೊನ್ನೆ ಆ ಹೊಸಬಳು ಬಸ್ ನಿಲ್ದಾಣದಲ್ಲಿ ನಗುತ್ತಾ ಆ ಮಾತು ಆಡಿದಾಗ ನನಗೆ ತಡೆಯಲಾಗಲಿಲ್ಲ. ಬಸ್ಸು ಬಿಟ್ಟು ನೇರ ಅಂಗಡಿಗೆ ಹೋದೆ. ಬಿಸಿಲು ಹೊತ್ತು, ಗಿರಾಕಿ ಇರಲಿಲ್ಲ. ಅವನು ತಂತಿಯ ಬ್ರಷ್ಷಿನಿಂದ ಕೊರಡು ಉಜ್ಜುತ್ತಿದ್ದ.

"ಮೂರು ವರ್ಷದಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯಲ್ಲ, ನಿನಗೆ ಮಾನ ಮರ್ಯಾದೆ ಇಲ್ವಾ?" ಅಂತ ಶುರು ಮಾಡಿದೆ. "ಅಕ್ಕ ಹೇಳಿದ್ದು ಅಂತ ಒಂದು ಮಾತು ಹೇಳಕ್ಕೆ ನಿನಗೇನಾಗಿತ್ತು? ನನ್ನ ಮುಂದೆ ನೀನು ದೊಡ್ಡ ಮನುಷ್ಯ ಆಗ್ಬೇಕಿತ್ತಾ? ಇವತ್ತೇ ಹೇಳ್ತೀನಿ ಅವಳಿಗೆ. ಇವತ್ತೇ."

ಅವನು ಉಜ್ಜುವುದನ್ನು ನಿಲ್ಲಿಸಿದ.

"ಹೇಳು. ನಿನ್ನ ಎದೆ ಹಗುರ ಆಗುತ್ತೆ," ಅಂದ. "ಆಮೇಲೆ ಅವಳು ನಿನ್ನ ತಟ್ಟೇನೂ ಬಿಡಿಸಿ ನೋಡ್ತಾಳೆ. ಮನೇಲಿ ಒಬ್ಬರ ಕೈನಾದ್ರೂ ನೋಡ್ದೆ ಉಣ್ಲಿ ಬಿಡಕ್ಕ."

ನನಗೆ ಅವನ ಮೇಲೆ ಬಂದ ಸಿಟ್ಟು ಈ ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ. ಇನ್ನೂ ಇಳಿದಿಲ್ಲ.

ಮರುದಿನ ರಜೆ. ಚಿಟಿಕೆ ಬಂದಳು, ಚಪ್ಪಲಿಯನ್ನು ಬಾಗಿಲಲ್ಲೇ ಒದ್ದು, ಪುಸ್ತಕ ಬಿಡಿಸಿ ಕೂತಳು. ಅರ್ಧ ಊಟಕ್ಕೆ, ಪುಸ್ತಕದಿಂದ ತಲೆ ಎತ್ತದೆ ತಟ್ಟೆ ಮುಂದೆ ಚಾಚಿ, "ಅತ್ತೆ, ಇನ್ನೊಂದು ಸೌಟು," ಅಂದಳು. ನಾನು ಬಡಿಸಿದೆ.